ಗಡಿಕೋಟೆಯ ಗುರುತಿನ ಮಾತು

"ಗುರುಗಳೇ, ಮಾಡು ಎಂದವರೇ ಇಲ್ಲವಾದ ಮೇಲೆ ಆ ಕೆಲಸವನ್ನು ಯಾರಿಗಾಗಿ ಮಾಡಬೇಕು?" ಎಂದು ಶಿಷ್ಯ ಕೇಳಿದ.

ಅವನು ಹಳೆಯ ದಾರಿಯ ಅರವಟ್ಟಿಗೆಯಿಂದ ಆಗತಾನೇ ಮರಳಿದ್ದ. ಅಲ್ಲಿ ದಾರಿಹೋಕರಿಗೆ ನೀರು ಕೊಡುವುದು ಮಠದ ಪಾಲಿಗೆ ಬಂದ ಕೆಲಸ. ನೂರು ವರ್ಷದ ಹಿಂದೆ ಒಬ್ಬ ಅರಸ ಅದನ್ನು ಕಲ್ಲಿನಲ್ಲಿ ಬರೆಸಿ ಹೋಗಿದ್ದ. ಈಗ ಆ ಅರಸನ ವಂಶವಿಲ್ಲ. ದಾರಿಯೂ ಗುಡ್ಡದ ಆಚೆಗೆ ಸರಿದುಹೋಗಿದೆ.

"ಬೆಳಗ್ಗೆ ಆರು ಕೊಡ ಹೊತ್ತು ತುಂಬಿಸಿದೆ. ಸಂಜೆ ಆರರಲ್ಲಿ ಐದನ್ನು ಗಿಡಗಳಿಗೆ ಸುರಿದೆ. ಇಡೀ ದಿನಕ್ಕೆ ಬಂದವಳು ಒಬ್ಬಳೇ, ಸೌದೆ ಹೊರುವ ಮುದುಕಿ. ಅವಳು ದಿನವೂ ಬರುತ್ತಾಳೆ. ಅವಳೊಬ್ಬಳಿಗಾಗಿ ಒಂದು ಅರವಟ್ಟಿಗೆಯೇ? ನಾಳೆಯಿಂದ ಕೊಡಗಳನ್ನು ಮಗುಚಿಡಲು ಅಪ್ಪಣೆ ಕೊಡಿ" ಎಂದ.

ಗುರುಗಳು ಕೊಡದ ಕೆಳಗಿಡುವ ಹುಲ್ಲಿನ ಸಿಂಬೆ ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೊಡ ಮಗುಚುವುದು ಎಷ್ಟು ಹೊತ್ತಿನ ಕೆಲಸ? ಅದಕ್ಕೆ ಮೊದಲು ಕುಳಿತುಕೋ. ಬೆನ್ನು ನೋಯುತ್ತಿದೆ, ಆ ಸಿಟ್ಟಿಗೆ ಕೇಳಿದ್ದೀಯೆ. ಆದರೂ ಕೇಳಿದ ಪ್ರಶ್ನೆ ಚೆನ್ನಾಗಿದೆ. ಬಲು ದೂರದ ದೇಶದಲ್ಲಿ ಒಬ್ಬ ಸೈನಿಕನೂ ಇದನ್ನೇ ಕೇಳಿಕೊಂಡಿದ್ದ" ಎಂದು ಹೇಳತೊಡಗಿದರು.

ಪಡುವಣ ಕಡಲಿನ ಆಚೆ ರೋಮಾಪುರಿ ಎಂಬ ಪಟ್ಟಣವಿತ್ತು. ಅದರ ಚಕ್ರವರ್ತಿಯ ರಾಜ್ಯ ಎಷ್ಟು ದೊಡ್ಡದೆಂದರೆ, ಅವನಿಗೆ ಮಗ ಹುಟ್ಟಿದ ಸುದ್ದಿ ಗಡಿ ಮುಟ್ಟುವಷ್ಟರಲ್ಲಿ ಆ ಮಗು ಅಂಬೆಗಾಲಿಡುತ್ತಿರುತ್ತಿತ್ತು. ಇದನ್ನು ನನ್ನ ಗುರುಗಳಿಗೆ ಒಬ್ಬ ಮೆಣಸಿನ ವ್ಯಾಪಾರಿ ಹೇಳಿದನಂತೆ. ವ್ಯಾಪಾರಿಗಳು ಸ್ವಲ್ಪ ಸೇರಿಸಿಯೇ ಹೇಳುತ್ತಾರೆ. ನಾನೂ ಸ್ವಲ್ಪ ಸೇರಿಸಿರಬಹುದು.

ಆ ರಾಜ್ಯದ ಬಡಗಣ ಗಡಿಯಲ್ಲಿ ಒಂದು ಅಗಲವಾದ ನದಿ. ನದಿಯ ದಂಡೆಯಲ್ಲಿ ಒಂದು ಕೋಟೆ. ಕೋಟೆಯ ಕೆಳಗೆ ಅರವತ್ತು ಮನೆಗಳ ಒಂದು ಹಳ್ಳಿ. ನದಿಯ ಆಚೆಗೆ ಚಕ್ರವರ್ತಿಯ ಮಾತು ನಡೆಯುತ್ತಿರಲಿಲ್ಲ.

ಆ ಸೈನ್ಯದಲ್ಲಿ ಒಂದು ಕಟ್ಟಳೆ ಇತ್ತು. ದಿನಕ್ಕೆ ಒಂದು ಗುರುತಿನ ಮಾತು. ಮಧ್ಯಾಹ್ನ ಇಳಿದ ಮೇಲೆ ದಳಪತಿ ಅದನ್ನು ಅಂಗೈ ಅಗಲದ ಮರದ ಹಲಗೆಯ ಮೇಲೆ ಬರೆದು ಕೊಡುತ್ತಿದ್ದ. ಹಲಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಮೊದಲು ದೋಣಿಗಟ್ಟೆ, ನಂತರ ಕಣಜ, ನಂತರ ಬಡಗಣ ಬುರುಜು, ಕೊನೆಗೆ ಹೆಬ್ಬಾಗಿಲು. ಪ್ರತಿ ಕಾವಲಿನವನೂ ಮಾತನ್ನು ಓದಿ, ಹಲಗೆಯ ಅಂಚಿನಲ್ಲಿ ಒಂದು ಗೀರು ಹಾಕಿ ಮುಂದಕ್ಕೆ ಕಳಿಸಬೇಕು. ಹೊತ್ತು ಮುಳುಗುವ ಮೊದಲು ಹಲಗೆ ದಳಪತಿಯ ಕೈಗೆ ಮರಳಬೇಕು. ಒಂದು ಗೀರು ಕಡಿಮೆಯಾಗಿದ್ದರೆ ಆ ಕಾವಲಿನವನು ಸತ್ತಿದ್ದಾನೆ, ಇಲ್ಲವೇ ನಿದ್ದೆ ಮಾಡಿದ್ದಾನೆ ಎಂದು ಅರ್ಥ. ನಿದ್ದೆ ಮಾಡಿದವನನ್ನೂ ಅವರು ಬಹಳ ದಿನ ಬದುಕಲು ಬಿಡುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಹೊಸ ಮಾತು ಬರುವವರೆಗೆ, ಆ ಮಾತನ್ನು ಹೇಳಿದವರಿಗೆ ಮಾತ್ರ ಹೆಬ್ಬಾಗಿಲು ತೆರೆಯುತ್ತಿತ್ತು.

ಮಾತನ್ನು ಆರಿಸುವುದು ದಳಪತಿಯ ಕೈಯಲ್ಲೂ ಇರಲಿಲ್ಲ. ವರ್ಷಕ್ಕೊಮ್ಮೆ ರಾಜಧಾನಿಯಿಂದ ಪಟ್ಟಿ ಬರುತ್ತಿತ್ತು. ಗಡಿಯ ಎಲ್ಲ ಕೋಟೆಗಳಿಗೂ ಒಂದೇ ಪಟ್ಟಿ. ಅದರಲ್ಲಿ ದೇವತೆಗಳ ಹೆಸರು, ಹಳೆಯ ಯುದ್ಧಗಳ ಹೆಸರು, ಭಾಗ್ಯ, ಶೌರ್ಯ, ಚಕ್ರವರ್ತಿಯ ಆರೋಗ್ಯ, ಎಲ್ಲ ದೊಡ್ಡ ದೊಡ್ಡ ಮಾತುಗಳು. ಪಟ್ಟಿಯಲ್ಲಿ ಇಲ್ಲದ ಮಾತನ್ನು ಒಬ್ಬ ಸೈನಿಕ ತಾನಾಗಿ ಕೊಟ್ಟರೆ, ಅವನು ತನ್ನನ್ನೇ ಚಕ್ರವರ್ತಿ ಎಂದುಕೊಂಡಿದ್ದಾನೆ ಎಂದು ಅವನ ತಲೆ ಕಡಿಯುತ್ತಿದ್ದರು.

ಆ ರಾಜ್ಯಕ್ಕೆ ಇಳಿಗಾಲ ಬಂತು. ಒಬ್ಬ ಚಕ್ರವರ್ತಿ ಇದ್ದಲ್ಲಿ ಮೂವರಾದರು. ಒಬ್ಬನ ಮೇಲೆ ಒಬ್ಬ ಏರಿಹೋಗಲು ಮೂವರಿಗೂ ಸೈನಿಕರು ಬೇಕಾದರು. ಗಡಿಕೋಟೆಯ ದಳಪತಿಗೆ ಕರೆ ಬಂತು. ಅವನು ಇನ್ನೂರು ಜನರನ್ನು ಕರೆದುಕೊಂಡು ಹೊರಟ. ಮೂವತ್ತೊಂದು ಜನರನ್ನು ಬಿಟ್ಟುಹೋದ. ಅವರಲ್ಲಿ ಹಿರಿಯನಾದವನಿಗೆ ಇಪ್ಪತ್ತೆರಡು ವರ್ಷದ ಸೇವೆ. ಎಡಗೈಯಲ್ಲಿ ಎರಡು ಬೆರಳಿಲ್ಲ. ಅವನ ಹೆಸರನ್ನು ಆಮೇಲೆ ಹೇಳುತ್ತೇನೆ. ಈಗ ಅವನನ್ನು ಹಿರಿಯ ಎಂದರೆ ಸಾಕು. ದಳಪತಿ ಅವನ ಕೈಗೆ ಹಲಗೆಯನ್ನೂ ಪಟ್ಟಿಯನ್ನೂ ಕೊಟ್ಟು, "ಬದಲಿ ಪಡೆ ಬರುವವರೆಗೆ ಕಾಯಿ. ಹೊಸದೇನನ್ನೂ ಮಾಡಬೇಡ" ಎಂದು ಕುದುರೆ ಏರಿದ.

ಬದಲಿ ಪಡೆ ಬರಲಿಲ್ಲ. ಮೊದಲು ಎಣ್ಣೆ ಬರುವುದು ನಿಂತಿತು. ನಂತರ ದ್ರಾಕ್ಷಾರಸ ನಿಂತಿತು. ನಂತರ ಬಟ್ಟೆ. ನಂತರ ಪತ್ರ. ಕೊನೆಗೆ ಮೇಲಿನವರ ಬೈಗುಳವೂ ನಿಂತಿತು. ಬೈಗುಳ ನಿಂತ ದಿನ ಸೈನಿಕರಿಗೆ ನಿಜವಾಗಿ ಭಯವಾಯಿತು.

ಒಂದು ದಿನ ಪಟ್ಟಿ ಮುಗಿಯಿತು. ಅದರ ಕೊನೆಯ ಮಾತು 'ವಿಜಯ'. ಮರುದಿನ ಹಿರಿಯ ಪಟ್ಟಿಯನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ. ಹೊಸ ಮಾತು ಕೊಡುವ ಹಕ್ಕು ತನಗಿಲ್ಲ. ಮಾತಿಲ್ಲದೆ ಹಲಗೆ ಕಳಿಸುವಂತಿಲ್ಲ. ಅವನು ಮಧ್ಯಾಹ್ನವೆಲ್ಲ ಯೋಚಿಸಿ, 'ವಿಜಯ' ಎಂದು ಮತ್ತೆ ಬರೆದ. ಅದರ ಮರುದಿನವೂ ಅದನ್ನೇ ಬರೆದ. ಹೀಗೆ ಮೂರು ವರ್ಷ ನಡೆಯಿತು. ಗಡಿಗೆ ಬರುತ್ತಿದ್ದ ಸುದ್ದಿಯೆಲ್ಲ ಸೋಲಿನದು, ಹಲಗೆಯ ಮೇಲೆ ಮಾತ್ರ ದಿನವೂ ವಿಜಯ.

ನಗಬೇಡ. ಹಲಗೆ ಒಂದು ದಿನವೂ ತಪ್ಪಲಿಲ್ಲ. ಸೈನಿಕರ ಅಂಗಿ ಹರಿದಿತ್ತು, ತಲೆ ನರೆತಿತ್ತು. ಕವಾಯತಿನ ಅಂಗಳದಲ್ಲಿ ಅವರು ಅವರೆ ಬೆಳೆಯುತ್ತಿದ್ದರು. ಆದರೂ ಹೊತ್ತು ಮುಳುಗುವ ಮೊದಲು ನಾಲ್ಕು ಗೀರು ಹೊತ್ತ ಹಲಗೆ ಹಿರಿಯನ ಕೈ ಸೇರುತ್ತಿತ್ತು. ಅವನು ಅದನ್ನು ಒರಸಿ, ಗೀರುಗಳನ್ನು ಕೆರೆದು, ಗೂಟಕ್ಕೆ ತೂಗುಹಾಕಿ ಮಲಗುತ್ತಿದ್ದ. ತಾನು ಕರ್ತವ್ಯ ಮಾಡಿದೆನೆಂಬ ನೆಮ್ಮದಿ ಅವನಿಗಿತ್ತು.

ಹಳ್ಳಿಯಿಂದ ದಿನವೂ ಕೋಟೆಗೆ ಹಾಲು ತರುವ ಒಬ್ಬ ಹೆಂಗಸಿದ್ದಳು. ಎರಡು ಆಡು ಸಾಕಿದ್ದಳು. ಒಂದು ಬೆಳಗ್ಗೆ ಅವಳು ಹಾಲಿನ ಕುಡಿಕೆ ಹಿಡಿದು ಬಂದಾಗ ಹೆಬ್ಬಾಗಿಲಿನವನು ಎಂದಿನಂತೆ, "ಈ ದಿನದ ಮಾತು?" ಎಂದ.

"ವಿಜಯ, ವಿಜಯ. ಬಾಗಿಲು ತೆಗಿಯಪ್ಪಾ, ಹಾಲು ಒಡೆದುಹೋಗುತ್ತೆ. ನಿಮ್ಮ ಈ ಗುಟ್ಟು ನನ್ನ ಆಡುಗಳಿಗೂ ಗೊತ್ತು. ಹೊಳೆಯಾಚೆಯವರಿಗೂ ಗೊತ್ತು. ಗೊತ್ತಿಲ್ಲದೋನು ಅಂದರೆ ನಿಮ್ಮ ಚಕ್ರವರ್ತಿ ಒಬ್ಬನೇ!"

ಹೆಬ್ಬಾಗಿಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಟೆಯಲ್ಲಿ ಅವನಷ್ಟು ಮಾತಾಡುವವನು, ಅವನಷ್ಟು ನಗುವವನು ಬೇರೆ ಇರಲಿಲ್ಲ. ಹಿರಿಯ ಅಲ್ಲೇ ನಿಂತಿದ್ದ. ಅವನಿಗೆ ನಗು ಬರಲಿಲ್ಲ. ಮೂರು ವರ್ಷ ಕಾವಲು ಕಾದೆ ಎಂದುಕೊಂಡಿದ್ದೆ, ಕಾದದ್ದು ಬರೀ ಹಲಗೆಯನ್ನು ಎಂದು ಅವನಿಗೆ ನಾಚಿಕೆಯಾಯಿತು.

ಅದಾದ ನಾಲ್ಕನೆಯ ದಿನ ದೋಣಿಗಟ್ಟೆಗೆ ಒಬ್ಬ ಬೆಸ್ತ ಬಂದು ಬಿದ್ದ. ಅವನು ಮೇಲ್ದಂಡೆಯ ಕೋಟೆಯ ಊರಿನವನು. ಗಡ್ಡದ ಅರ್ಧ ಸುಟ್ಟಿತ್ತು. ನೀರು ಕುಡಿಸಿದ ಮೇಲೆ ಹೇಳಿದ.

"ಕೆಂಪು ನಿಲುವಂಗಿಯವರು ಬಂದರು ಸ್ವಾಮಿ. ನಿಮ್ಮವರ ಹಾಗೇ ಇದ್ದರು. ಎಂಬತ್ತು ಕುದುರೆ. ಬಾಗಿಲಲ್ಲಿ ನಿಂತು 'ವಿಜಯ' ಅಂದರು. ನಮ್ಮ ಕೋಟೆಯವರು ಬದಲಿ ಪಡೆ ಬಂತು ಅಂತ ಕುಣಿದುಕೊಂಡು ಬಾಗಿಲು ತೆಗೆದರು. ಈಗ ಅಲ್ಲಿ ಕೋಟೇನೂ ಇಲ್ಲ, ಊರೂ ಇಲ್ಲ. ಅದಕ್ಕೂ ಮೇಲಿನ ಎರಡು ಕೋಟೆಗಳಿಗೂ ಇದೇ ಗತಿಯಾಯಿತಂತೆ. ಇತ್ತಕಡೆ ಬರುತ್ತಾರೆ. ಸುಗ್ಗಿಗೆ ಬರುತ್ತಾರೆ."

ಆಗ ಹಿರಿಯನಿಗೆ ಎಲ್ಲವೂ ಹೊಳೆಯಿತು. ಗಡಿಯ ಉದ್ದಕ್ಕೂ ಪ್ರತಿ ಕೋಟೆಯಲ್ಲೂ ತನ್ನಂಥ ಒಬ್ಬ ನಿಷ್ಠಾವಂತ ಇದ್ದಾನೆ. ಪ್ರತಿಯೊಬ್ಬನ ಪಟ್ಟಿಯೂ ಒಂದೇ ದಿನ ಮುಗಿದಿದೆ. ಹೊಸ ಮಾತು ಕೊಡಲು ಹೆದರಿ ಪ್ರತಿಯೊಬ್ಬನೂ ಕೊನೆಯ ಮಾತನ್ನೇ ಹಿಡಿದು ಕೂತಿದ್ದಾನೆ. ಸೇನೆ ಬಿಟ್ಟು ದರೋಡೆಗೆ ಇಳಿದ ಯಾವನೋ ಆ ಒಂದು ಮಾತನ್ನು ಬೀಗದ ಕೈ ಮಾಡಿಕೊಂಡು ಕೋಟೆಯಿಂದ ಕೋಟೆಗೆ ಇಳಿದು ಬರುತ್ತಿದ್ದಾನೆ.

"ಇನ್ನೇನು ಯೋಚನೆ? ಮಾತು ಬದಲಿಸು" ಎಂದ ಹೆಬ್ಬಾಗಿಲಿನವನು. ಈ ಸಲ ಅವನು ನಗುತ್ತಿರಲಿಲ್ಲ.

"ನನಗೆ ಹಕ್ಕಿಲ್ಲ. ನಾಳೆ ನಿಜವಾದ ಬದಲಿ ಪಡೆ ಬಂದರೆ ಮೊದಲು ಹೋಗುವುದು ನನ್ನ ತಲೆ."

"ಬದಲಿಸದಿದ್ದರೆ ಎಲ್ಲರ ತಲೆಯೂ ಹೋಗುತ್ತೆ. ನನ್ನ ಹೆಂಡತಿ ಕೆಳಗೆ ಹಳ್ಳಿಯಲ್ಲಿದ್ದಾಳೆ, ಇವತ್ತೋ ನಾಳೆಯೋ ಹೆರುತ್ತಾಳೆ. ನಿನ್ನ ತಲೆ ಒಂದೇ, ಅದಕ್ಕೂ ಐವತ್ತು ದಾಟಿದೆ!"

ಹಿರಿಯ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಇಷ್ಟು ವರ್ಷದ ಸೇವೆಯಲ್ಲಿ ಅವನು ಒಂದು ಕಟ್ಟಳೆಯನ್ನೂ ಮುರಿದವನಲ್ಲ. ಈಗ ಮುರಿಯಲು ಮನಸ್ಸು ಮಾಡಿದರೂ ಮಾತೇ ಹೊಳೆಯಲಿಲ್ಲ. ಭಾಗ್ಯ ಎನ್ನಲೇ? ಅದು ಪಟ್ಟಿಯಲ್ಲಿದೆ. ಶೌರ್ಯ? ಅದೂ ಇದೆ. ಅವನು ಕಲಿತ ದೊಡ್ಡ ಮಾತುಗಳೆಲ್ಲ ರೋಮಾಪುರಿಯವು, ಮತ್ತು ಆ ಪಟ್ಟಿಗಳು ಈಗ ಕಳ್ಳರ ಜೋಳಿಗೆಯಲ್ಲಿವೆ. ರೋಮಾಪುರಿಗೆ ಗೊತ್ತಿಲ್ಲದ ಮಾತೊಂದು ಬೇಕಿತ್ತು.

ಅಷ್ಟರಲ್ಲಿ ಹಾಲಿನವಳು ಖಾಲಿ ಕುಡಿಕೆ ಒಯ್ಯಲು ಬಂದಳು. ಹಿರಿಯ ತಲೆಯೆತ್ತಿ ಅವಳನ್ನು ನೋಡಿದ.

"ಅಮ್ಮಾ, ನಿನ್ನ ಹೆಸರೇನು?"

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಮೂರು ವರ್ಷ ಹಾಲು ಕುಡಿದು ಈಗ ಕೇಳ್ತೀಯಾ ಅಣ್ಣಾ? ಬೊನಿಯಾ ಅಂತ."

ಹಿರಿಯ ಹಲಗೆಯ ಮೇಲೆ 'ಬೊನಿಯಾ' ಎಂದು ಬರೆದ. ಹಲಗೆಯನ್ನು ದೋಣಿಗಟ್ಟೆಗೆ ಕಳಿಸಿದ.

ದೋಣಿಗಟ್ಟೆಯವನು ಓದಿ, "ಇದು ಯಾವ ದೇವತೆ?" ಎಂದು ಕೇಳಿಕಳಿಸಿದ. "ನೀನು ದಿನಾ ಕುಡಿಯೋ ಹಾಲು" ಎಂದು ಉತ್ತರ ಹೋಯಿತು.

ಮರುದಿನಕ್ಕೆ ಇನ್ನೊಂದು ಹೆಸರು ಬೇಕಾಯಿತು. ಬೆಳಗಾದ ಕೂಡಲೇ ಹಿರಿಯ ಕೋಟೆಯಿಂದ ಇಳಿದು ಹಳ್ಳಿಗೆ ಹೋದ. ಚರ್ಮ ಹದ ಮಾಡುವವನ ಮನೆಯ ಮುಂದೆ ನಿಂತು ಅವನ ಹೆಸರು ಕೇಳಿದ. "ನಾಳೆ ಮಧ್ಯಾಹ್ನದವರೆಗೆ ನಿನ್ನ ಹೆಸರೇ ಕೋಟೆಯ ಬೀಗ. ಯಾರಿಗೂ ಹೇಳಬೇಡ" ಎಂದು ತಿಳಿಸಿ ಬಂದ. ಆ ದೇಶದಲ್ಲಿ ಹೆಂಡತಿಯರು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರಂತೆ. ಹೆಂಡತಿ ಕರೆದಾಗಲೆಲ್ಲ ಇವನು ಬಾಯಿ ಮುಚ್ಚು ಎಂದು ಕೈಸನ್ನೆ ಮಾಡಿದನಂತೆ. ಗಂಡನಿಗೆ ತಲೆ ಕೆಟ್ಟಿತೆಂದು ಅವಳು ತಾಯಿಯ ಮನೆಗೆ ಹೇಳಿಕಳಿಸಿದಳಂತೆ. ಆದರೂ ಅವನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಹಲಗೆ ಹೊರಡುವ ಹೊತ್ತಿಗೆ ಅವನು ಮಿಂದು, ಒಳ್ಳೆಯ ಅಂಗಿ ತೊಟ್ಟು ಕೋಟೆಯ ಬಾಗಿಲಿಗೆ ಬಂದು ನಿಂತಿದ್ದ. "ನನ್ನ ಹೆಸರನ್ನು ನಾನೇ ಹೊತ್ತುಕೊಂಡು ಸುತ್ತು ಬರುತ್ತೇನೆ" ಎಂದ. ಹಿರಿಯ ಹಲಗೆಯನ್ನು ಅವನ ಕೈಗೆ ಕೊಟ್ಟ.

ಅದೇ ರೂಢಿಯಾಯಿತು. ಯಾರ ಹೆಸರು ಆ ದಿನದ ಮಾತೋ ಅವರೇ ಹಲಗೆ ಹಿಡಿದು ನಾಲ್ಕು ಕಾವಲನ್ನೂ ಸುತ್ತುತ್ತಿದ್ದರು. ಒಂದು ದಿನ ದನ ಕಾಯುವವನು. ಒಂದು ದಿನ ಗಡ್ಡ ಸುಟ್ಟ ಬೆಸ್ತ. ಒಂದು ದಿನ ಕಿವಿ ಕೇಳದ ಅಜ್ಜಿ; ಅವಳಿಗೆ ವಿಷಯವನ್ನು ಗುಟ್ಟಾಗಿ ತಿಳಿಸುವುದು ದೊಡ್ಡ ಪಾಡಾಯಿತು. ಸುತ್ತುವಾಗ ಕಾವಲಿನವನು ಅವರಿಗೆ ತೋರಿಸುತ್ತಿದ್ದ: ಇಲ್ಲಿ ಗೋಡೆ ತಗ್ಗು, ಇಲ್ಲಿ ಕಲ್ಲು ಸಡಿಲ, ಇಲ್ಲಿಂದ ನೋಡಿದರೆ ನದಿ ದಾಟುವ ಹಾಯ್ಗಡ ಕಾಣುತ್ತದೆ. ಮೊದಲು ಕೋಟೆಯನ್ನು ಕಂಡರೆ ಹಳ್ಳಿಯವರಿಗೆ ಬೇಸರವಿತ್ತು, ಯಾರದೋ ಕೋಟೆ ಎಂಬ ಭಾವನೆ ಇತ್ತು. ಈಗ ಸಡಿಲ ಕಲ್ಲು ನೋಡಿ ಬಂದವನು ಮರುದಿನ ಸುಣ್ಣ ಕಲಸಿಕೊಂಡು ಬರುತ್ತಿದ್ದ.

ಸೈನಿಕರೂ ಬದಲಾದರು. ದಿನಕ್ಕೊಂದು ಹೆಸರನ್ನು ನೆನಪಿಟ್ಟುಕೊಂಡರು. ಆ ಹೆಸರಿನವರ ಮುಖ ನೋಡಿದರು. ದಾರಿಯಲ್ಲಿ ಸಿಕ್ಕಾಗ ಹೆಸರು ಹಿಡಿದು ಕರೆದರು. ಎಷ್ಟೋ ವರ್ಷದಿಂದ ಸೋಲಿನ ಸುದ್ದಿ ಕೇಳಿ ಕೇಳಿ ಬಗ್ಗಿದ್ದ ಅವರ ಬೆನ್ನು ನೆಟ್ಟಗಾಯಿತು. ಹಿರಿಯನಿಗೆ ಮಾತ್ರ ಒಳಗೊಳಗೆ ಭಯ ಇದ್ದೇ ಇತ್ತು. ದಿನವೂ ಹಲಗೆ ಬರೆಯುವಾಗ ಅವನು ಒಮ್ಮೆ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇಂದಿಗೆ ಇಷ್ಟು ಅಪರಾಧ ಎಂದು ಲೆಕ್ಕ ಇಟ್ಟಿದ್ದ.

ಹೆಬ್ಬಾಗಿಲಿನವನ ಹೆಂಡತಿ ಹೆಣ್ಣು ಹೆತ್ತಳು. ಅಲ್ಲಿ ಹೆಣ್ಣು ಕೂಸಿಗೆ ಎಂಟನೆಯ ದಿನ ಹೆಸರಿಡುತ್ತಾರೆ. ಆದರೆ ಆ ಕೂಸು ಬಡಕಲು, ಹಾಲು ಹಿಡಿಯುತ್ತಿರಲಿಲ್ಲ. ಅದು ಬದುಕಿ ನಿಲ್ಲುವವರೆಗೆ ಹೆಸರು ಬೇಡ ಎಂದು ತಾಯಿ ಕಾದಳು. ಬೊನಿಯಾ ತನ್ನ ಆಡಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಹನಿ ಹನಿಯಾಗಿ ಕುಡಿಸಿದಳು. ಎರಡು ತಿಂಗಳು ಕಳೆದ ಮೇಲೆ ಕೂಸು ಮೈ ತುಂಬಿಕೊಂಡು ಊರಿಗೆ ಕೇಳುವಂತೆ ಅಳತೊಡಗಿತು. ಸುಗ್ಗಿಯ ಒಂದು ಮಧ್ಯಾಹ್ನ ಅದಕ್ಕೆ ಲಿತ್ತಾ ಎಂದು ಹೆಸರಿಟ್ಟರು. ಆ ದಿನದ ಮಾತು ಅದೇ. ತಾಯಿ ಕೂಸನ್ನು ಎತ್ತಿಕೊಂಡು, ಕೂಸಿನ ಎದೆಯ ಮೇಲೆ ಹಲಗೆ ಇಟ್ಟುಕೊಂಡು ಸುತ್ತು ಬಂದಳು.

ಮರುದಿನ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಬಡಗಣ ಬುರುಜಿನವನು ಧೂಳು ಕಂಡ. ಕಹಳೆ ಊದಿದ. ಹಳ್ಳಿಯವರು ಕುಡುಗೋಲು, ಕವಣೆ, ದನಕರು, ಕೂಸು ಕುನ್ನಿಗಳ ಜೊತೆ ಕೋಟೆಯತ್ತ ಓಡಿಬಂದರು. ಹೆಬ್ಬಾಗಿಲಿನವನು ಯಾರನ್ನೂ ಮಾತು ಕೇಳಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಒಳಗೆ ಬಿಟ್ಟ. ಕೊನೆಯವರು ಬಂದಾದ ಮೇಲೆ ಅಗುಳಿ ಹಾಕಿದ.

ಎಂಬತ್ತು ಕುದುರೆಗಳು ಬಾಗಿಲಿನ ಮುಂದೆ ನಿಂತವು. ಕೆಂಪು ನಿಲುವಂಗಿ. ರೋಮಾಪುರಿಯ ಬಾವುಟ. ಮುಂದಾಳು ಮೊಹರು ಒತ್ತಿದ ಪತ್ರವೊಂದನ್ನು ಎತ್ತಿ ತೋರಿಸಿದ.

"ಬಾಗಿಲು ತೆಗೆಯಿರಿ. ಚಕ್ರವರ್ತಿಯ ಸೇನೆ. ಬದಲಿ ಪಡೆ ಬಂದಿದೆ."

ಹಿರಿಯ ಗೋಡೆಯ ಮೇಲಿಂದ, "ಈ ದಿನದ ಮಾತು?" ಎಂದ.

"ವಿಜಯ!"

ಮೊಹರು ನಿಜವಾದ ಮೊಹರು. ಬಾವುಟ ನಿಜವಾದ ಬಾವುಟ. ಬದಲಿ ಪಡೆ ಬಂತು ಎಂಬ ಮಾತು ಕೇಳಲು ಅವನು ಮೂರು ವರ್ಷ ಕಾದಿದ್ದ. ಇವರು ನಿಜವಾದವರಾಗಿದ್ದರೆ? ಆದರೂ ಅವನು ಹೇಳಿದ. "ಅದು ಹಳೆಯ ಮಾತು."

"ಹೊಸ ಮಾತು ಕೊಡುವ ಹಕ್ಕು ನಿನಗೆ ಕೊಟ್ಟವರು ಯಾರು?"

ಯಾವ ಪ್ರಶ್ನೆಗೆ ಅವನು ದಿನವೂ ಹೆದರಿದ್ದನೋ ಅದೇ ಪ್ರಶ್ನೆ ಬಂದಿತ್ತು. ಹಿರಿಯ ಅಕ್ಕಪಕ್ಕ ನೋಡಿದ. ಎಡಕ್ಕೆ ಚರ್ಮದವನು ನಿಂತಿದ್ದ, ಬಲಕ್ಕೆ ಬೊನಿಯಾ. ಗೋಡೆಯ ಉದ್ದಕ್ಕೂ ಅವನಿಗೆ ಹೆಸರು ಗೊತ್ತಿಲ್ಲದ ಒಂದು ಮುಖವೂ ಇರಲಿಲ್ಲ. ಅವನ ಭಯ ಬಿಟ್ಟುಹೋಯಿತು.

"ನನಗೆ ಹಕ್ಕಿಲ್ಲ, ನಿಜ" ಎಂದು ಅವನು ಕೂಗಿ ಹೇಳಿದ. "ನೀವು ನಮ್ಮವರಾಗಿದ್ದರೆ ಆಯುಧ ಕೆಳಗಿಟ್ಟು ಒಬ್ಬೊಬ್ಬರಾಗಿ ಬನ್ನಿ. ರೊಟ್ಟಿ ಇದೆ, ಹಾಲಿದೆ. ಊಟ ಮಾಡಿ ಆಮೇಲೆ ನನ್ನ ತಲೆ ತೆಗೆಯಿರಿ. ನಾನು ಕುತ್ತಿಗೆ ಬಗ್ಗಿಸಿ ಕುಳಿತುಕೊಳ್ಳುತ್ತೇನೆ."

ಮುಂದಾಳು ಪತ್ರವನ್ನು ಎಸೆದು ಬಿಲ್ಲು ತೆಗೆದ. ಅವನು ಯಾರೆಂಬುದು ಅಲ್ಲಿಗೆ ಗೊತ್ತಾಯಿತು.

ಮೂವತ್ತು ಮುದಿ ಸೈನಿಕರಿದ್ದಾರೆಂದು ಅವರು ಕೇಳಿಬಂದಿದ್ದರು. ಗೋಡೆಯ ಮೇಲೆ ಇನ್ನೂರು ತಲೆ ಎದ್ದವು. ಅಷ್ಟು ಜನಕ್ಕೂ ತಮ್ಮ ಜಾಗ ಗೊತ್ತಿತ್ತು. ಗೋಡೆ ತಗ್ಗಿದ್ದಲ್ಲಿ ದನ ಕಾಯುವವರು ಕವಣೆ ಹಿಡಿದು ನಿಂತರು. ಹಾಯ್ಗಡ ಕಾಣುವಲ್ಲಿ ಬೆಸ್ತ ನಿಂತ. ಏಣಿ ಹಾಕಿದ ಕಡೆ ಬೊನಿಯಾ ಕುದಿಯುವ ನೀರು ಸುರಿದಳು. ಹಾಲನ್ನಲ್ಲ, ಹಾಲನ್ನು ಅಂಥವರ ಮೇಲೆ ಸುರಿಯುವಷ್ಟು ದಡ್ಡಿ ಅವಳಲ್ಲ. ಹೆಬ್ಬಾಗಿಲಿನವನ ಒಂದು ಕಿವಿ ಬಾಣಕ್ಕೆ ಹಾರಿಹೋಯಿತು. ಅವನು ನೋವಿಗೆ "ಲಿತ್ತಾ!" ಎಂದು ಮಗಳ ಹೆಸರು ಕೂಗಿದ. ಪಕ್ಕದವನು ಅದನ್ನು ಎತ್ತಿಕೊಂಡ. ಪಕ್ಕದವನಿಂದ ಅವನ ಪಕ್ಕದವನಿಗೆ ಹೋಗಿ, ಗೋಡೆಯ ಸುತ್ತ ಇನ್ನೂರು ಗಂಟಲು "ಲಿತ್ತಾ! ಲಿತ್ತಾ!" ಎಂದು ಮೊಳಗಿದವು. ಕೆಳಗಿನವರು ಅಂಥ ಹೆಸರನ್ನು ಕೇಳಿರಲಿಲ್ಲ. ಯಾವ ಉಗ್ರ ದೇವತೆಯೋ ಎಂದು ಅವರ ಜೀವ ಬಾಯಿಗೆ ಬಂತು. ಆ ದೇವತೆ ಕಣಜದ ಮೂಲೆಯಲ್ಲಿ ತೊಟ್ಟಿಲಲ್ಲಿ ಬೆರಳು ಚೀಪುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬಾಗಿಲು ತೆರೆಯಿತು. ಆದರೆ ಅದನ್ನು ತೆರೆದವರು ಒಳಗಿನವರು. ಸೈನಿಕರೂ ಹಳ್ಳಿಯವರೂ ಒಟ್ಟಾಗಿ ಹೊರಬಿದ್ದು ಕಳ್ಳರನ್ನು ಹಾಯ್ಗಡದವರೆಗೆ ಅಟ್ಟಿದರು. ಅವರು ಬಾವುಟವನ್ನೂ ಬಿಟ್ಟು ನೀರಿಗೆ ಬಿದ್ದು ಓಡಿದರು. ಬಿಟ್ಟುಹೋದ ಕುದುರೆಯೊಂದರ ಜೋಳಿಗೆಯಲ್ಲಿ ಮೂರು ಪಟ್ಟಿಗಳು ಸಿಕ್ಕವು. ಮೂರರ ಕೊನೆಯಲ್ಲೂ 'ವಿಜಯ' ಎಂದಿತ್ತು. ಹಿರಿಯ ಅವನ್ನು ಬೊನಿಯಾಳ ಒಲೆಗೆ ಕೊಟ್ಟ. ಆ ಸಂಜೆ ಕೋಟೆಯಿಂದ ಯಾರೂ ಮನೆಗೆ ಹೋಗಲಿಲ್ಲ. ಕಿವಿ ಕೇಳದ ಅಜ್ಜಿ ಕೂಡ ಕುಣಿದಳಂತೆ. ಹಲಗೆ ಮಾತ್ರ ಹೊತ್ತಿಗೆ ಸರಿಯಾಗಿ ಹೊರಟು ಹೊತ್ತಿಗೆ ಸರಿಯಾಗಿ ಮರಳಿತು.

ಮುಂದಿನ ವಸಂತದಲ್ಲಿ ಹೇಸರಗತ್ತೆಯ ಮೇಲೆ ಒಬ್ಬ ಬಂದ. ಅವನು ನಿಜವಾದ ರಾಜದೂತ. ಮೈಯೆಲ್ಲ ಧೂಳು, ಜೊತೆಗೆ ಒಬ್ಬ ಆಳೂ ಇಲ್ಲ. ಆಯುಧವನ್ನು ಕೇಳುವ ಮೊದಲೇ ಕೆಳಗಿಟ್ಟ. ಹಿರಿಯ ಅವನನ್ನು ಒಳಗೆ ಕರೆದು, ನೀರು ಕೊಟ್ಟು, ಅವನ ಮುಂದೆ ಮೊಣಕಾಲೂರಿ ಕುಳಿತ.

"ಅಪ್ಪಣೆಯಿಲ್ಲದೆ ಮಾತು ಕೊಟ್ಟಿದ್ದೇನೆ. ಇನ್ನೂರ ಅರವತ್ತೊಂದು ಸಲ. ಶಿಕ್ಷೆ ಏನೆಂದು ನನಗೆ ಗೊತ್ತು" ಎಂದ.

ದೂತ ನೀರಿನ ಬಟ್ಟಲನ್ನು ಕೆಳಗಿಟ್ಟ.

"ಶಿಕ್ಷಿಸುವವರು ಇಲ್ಲ. ಕ್ಷಮಿಸುವವರೂ ಇಲ್ಲ. ರೋಮಾಪುರಿಯಲ್ಲಿ ಈಗ ಚಕ್ರವರ್ತಿಯೇ ಇಲ್ಲ. ಇದನ್ನು ಗಡಿಗೆ ತಿಳಿಸು ಎಂದು ನನ್ನನ್ನು ಕಳಿಸಿದರು. ಗಡಿಯುದ್ದಕ್ಕೂ ಬಂದೆ. ತಿಳಿಸಲು ಒಂದು ಕೋಟೆಯೂ ಉಳಿದಿರಲಿಲ್ಲ. ನನಗೂ ಮರಳಿ ಹೋಗಲು ಜಾಗವಿಲ್ಲ."

ಹಿರಿಯ ಎದ್ದು ಗೂಟದಿಂದ ಹಲಗೆ ತೆಗೆದ. ಮಧ್ಯಾಹ್ನ ಇಳಿದಿತ್ತು.

"ಅಪ್ಪಾ, ನಿನ್ನ ಹೆಸರೇನು?"

"ಫ್ಲೋರಸ್" ಎಂದ ದೂತ, ಯಾಕೆ ಎಂದು ತಿಳಿಯದೆ.

ಹಿರಿಯ ಅದನ್ನು ಬರೆದು ಹಲಗೆಯನ್ನು ಅವನ ಕೈಗಿಟ್ಟ. "ಹೊತ್ತು ಮುಳುಗುವುದರೊಳಗೆ ಸುತ್ತು ಬಾ. ನಾಳೆ ಮಧ್ಯಾಹ್ನದವರೆಗೆ ಈ ಕೋಟೆಯ ಬಾಗಿಲು ತೆರೆಯುವುದು ನಿನ್ನ ಹೆಸರಿಗೆ."

ರೋಮಾಪುರಿಯ ಕೊನೆಯ ದೂತ ಆ ಹಲಗೆಯನ್ನು ಎದೆಗೊತ್ತಿಕೊಂಡು ದೋಣಿಗಟ್ಟೆಯ ಕಡೆಗೆ ನಡೆದ. ಕಣ್ಣು ತುಂಬಿ ಅವನಿಗೆ ದಾರಿ ಕಾಣುತ್ತಿರಲಿಲ್ಲ. ಬೊನಿಯಾ ಕೈ ಹಿಡಿದು ದಾರಿ ತೋರಿಸಿದಳು.

ರಾಜಧಾನಿ ಮುರಿದುಬಿತ್ತು. ಅರಮನೆಗಳ ಕಲ್ಲನ್ನು ಜನ ಕುರಿದೊಡ್ಡಿಗೆ ಒಯ್ದರು. ಆದರೆ ಆ ನದಿಯ ದಂಡೆಯಲ್ಲಿ ಹಲಗೆ ಸುತ್ತುತ್ತಲೇ ಇತ್ತು. ಸೈನಿಕರು ಒಬ್ಬೊಬ್ಬರಾಗಿ ಮುಗಿದರು. ಅವರ ಮಕ್ಕಳು ಕಾವಲಿಗೆ ನಿಂತರು. ಆ ಕೋಟೆಯನ್ನು ಯಾರೂ ಗೆಲ್ಲಲಿಲ್ಲ. ಹಿರಿಯ ಇನ್ನೂ ಹನ್ನೊಂದು ವರ್ಷ ಬದುಕಿ, ಹಾಸಿಗೆಯಲ್ಲಿ, ಬೊನಿಯಾ ಹಾಲು ಕುಡಿಸುತ್ತಿರುವಾಗ ಸತ್ತ. ಆ ದಿನ ಹಲಗೆ ಬರೆದವಳು ಲಿತ್ತಾ. ಅವನು ಎಲ್ಲರ ಹೆಸರನ್ನೂ ಬರೆದಿದ್ದ, ತನ್ನದನ್ನು ಮಾತ್ರ ಒಂದು ದಿನವೂ ಬರೆದಿರಲಿಲ್ಲ. ಆ ಸಂಜೆ ಹಲಗೆಯ ಮೇಲೆ 'ಉರ್ಸೋ' ಎಂದಿತ್ತು. ಅದನ್ನು ಯಾರು ಹೊತ್ತು ಸುತ್ತಬೇಕು ಎಂಬ ಮಾತು ಬಂದಾಗ, ಇಡೀ ಹಳ್ಳಿಯೇ ಹಲಗೆಯ ಹಿಂದೆ ನಡೆಯಿತು.

ಗುರುಗಳು ಸಿಂಬೆಯ ಕೊನೆಯ ಎಳೆಯನ್ನು ಒಳಗೆ ಸಿಕ್ಕಿಸಿ, ಅದನ್ನು ಶಿಷ್ಯನ ಮುಂದಿಟ್ಟರು.

ಶಿಷ್ಯ ಅದನ್ನು ಕೈಗೆತ್ತಿಕೊಂಡು, "ಹಾಗಾದರೆ ಗುರುಗಳೇ, ನಾಳೆ ಕೊಡಗಳನ್ನು..." ಎಂದ.

ಗುರುಗಳು ಹೇಳಿದರು:

"ನೀನು ದಿನವೂ ನೀರು ಕೊಡುವ ಆ ಮುದುಕಿಯ ಹೆಸರೇನು?"

ಶಿಷ್ಯನಿಗೆ ಗೊತ್ತಿರಲಿಲ್ಲ.